ಲಾರಿಯ ಎಡಬದಿಯಲ್ಲಿ ನಿಂತರೆ ಚಾಲಕನಿಗೆ ಕಾಣುತ್ತೀರಾ?

ಜೂನ್ ಬಂತೆಂದರೆ ಮಲೆನಾಡಿನಲ್ಲಿ ಮಳೆ ಮತ್ತು ಶಾಲೆ ಒಟ್ಟಿಗೇ ಶುರುವಾಗುತ್ತವೆ. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ, ಆಯನೂರಿನಲ್ಲಿ, ಮಂಡಗದ್ದೆಯ ಹಾದಿಯಲ್ಲಿ ಕೊಡೆ ಹಿಡಿದ ಮಕ್ಕಳು ಡಾಂಬರಿನ ಅಂಚಿನಲ್ಲೇ ನಡೆದು ಬರುತ್ತಾರೆ. ಜಲ್ಲಿ, ಎಂ-ಸ್ಯಾಂಡ್, ಅಕೇಶಿಯಾ ದಿಮ್ಮಿ ಹೊತ್ತ ಲಾರಿಗಳಿಗೂ ಅದೇ ಡಾಂಬರು. 2006-07ರಲ್ಲಿ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ದೂರದ ಹಳ್ಳಿಗಳ ಹೆಣ್ಣುಮಕ್ಕಳೂ ಹೆದ್ದಾರಿಗೆ ಸೈಕಲ್ ಇಳಿಸಿದರು. ಅದು ಒಳ್ಳೆಯದೇ ಆಯಿತು. ಆದರೆ ಪಕ್ಕದಲ್ಲಿ ಹಾಯುವ ಲಾರಿಯನ್ನು ಹೇಗೆ ಓದಬೇಕೆಂದು ಆ ಮಕ್ಕಳಿಗೆ ಯಾರೂ ಹೇಳಿಕೊಡಲಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಇಂಥ ಸಾವಿನ ಸುದ್ದಿ ಬಂದಾಗ 'ಚಾಲಕನ ಅಜಾಗರೂಕತೆ' ಎಂಬ ಎರಡು ಪದದಲ್ಲಿ ಮಾತು ಮುಗಿಯುತ್ತದೆ. ಅಜಾಗರೂಕತೆ ಇರುವುದು ನಿಜ. ಆದರೆ ಎಚ್ಚರದಿಂದ ಓಡಿಸುವ ಚಾಲಕನ ಲಾರಿಯ ಕೆಳಗೂ ಜನ ಸಿಕ್ಕಿದ್ದಾರೆ. ಲಾರಿಯ ಆಕಾರ, ಅದು ತಿರುಗುವ ರೀತಿ, ನಿಲ್ಲಲು ಅದಕ್ಕೆ ಬೇಕಾಗುವ ದೂರ, ಈ ಮೂರನ್ನು ತಿಳಿದುಕೊಂಡರೆ ಎಲ್ಲಿ ನಿಲ್ಲಬಾರದು, ಯಾವಾಗ ದಾಟಬಾರದು ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಏನು ಕಾಣುತ್ತದೆ

ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕೆ, ವಾಹನ ಓಡುವುದು ರಸ್ತೆಯ ಎಡಕ್ಕೆ. ಎಂದರೆ ನಡೆಯುವವರು, ಸೈಕಲ್ಲಿನವರು ಸಾಮಾನ್ಯವಾಗಿ ಇರುವುದು ಚಾಲಕನಿಗೆ ಅತಿ ದೂರದ ಬದಿಯಲ್ಲಿ. ಚಾಲಕ ಕೂತಲ್ಲಿಂದ ಕಾಣದೇ ಹೋಗುವ ಇಂಥ ಜಾಗವನ್ನು ಕುರುಡು ಜಾಗ ಎನ್ನೋಣ.

ಅದರ ಅಳತೆಯನ್ನು ಒಂದು ಲೆಕ್ಕದಿಂದ ನೋಡಬಹುದು. ಚಾಲಕನ ಕಣ್ಣು ನೆಲದಿಂದ 2.4 ಮೀಟರ್ ಎತ್ತರದಲ್ಲಿದೆ, ಬಾಗಿಲ ಕಿಟಕಿಯ ಕೆಳಅಂಚು 1.9 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಬಲ ಬಾಗಿಲು ಅವನ ಕಣ್ಣಿನಿಂದ ಬರೀ ಅರ್ಧ ಮೀಟರ್ ದೂರ, ಎಡ ಬಾಗಿಲು 1.9 ಮೀಟರ್ ದೂರ. ಸೈಕಲ್ ಮೇಲೆ ಕೂತ ವಿದ್ಯಾರ್ಥಿಯ ತಲೆ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಬಲಗಡೆ ಬಾಗಿಲಿನಿಂದ 40 ಸೆಂಟಿಮೀಟರ್ ದಾಟಿದ ಕೂಡಲೇ ಕಾಣುತ್ತದೆ. ಎಡಗಡೆ ಒಂದೂವರೆ ಮೀಟರ್ ದೂರ ಹೋಗುವವರೆಗೂ ಕಿಟಕಿಯಿಂದ ಕಾಣುವುದಿಲ್ಲ. 1.2 ಮೀಟರ್ ಎತ್ತರದ ಮಗು ನಡೆದು ಹೋಗುತ್ತಿದ್ದರೆ ಎಡಗಡೆಯ ಈ ಕುರುಡು ಜಾಗ ಸುಮಾರು 2.7 ಮೀಟರ್‌ವರೆಗೆ ಹಿಗ್ಗುತ್ತದೆ. ಅಗಲ ಕಿರಿದಾದ ಮಲೆನಾಡಿನ ರಸ್ತೆಯಲ್ಲಿ ಲಾರಿಯ ಎಡಕ್ಕೆ ಅಷ್ಟು ಜಾಗವೇ ಇರುವುದಿಲ್ಲ. ಮಗು ಲಾರಿಯ ಪಕ್ಕದಲ್ಲಿರುವಷ್ಟು ಹೊತ್ತೂ ಕಣ್ಣಿಗೆ ಬೀಳದೆ ಇರಬಹುದು.

ಮುಂದೆಯೂ ಹೀಗೆಯೇ. ಮೂತಿ ಚಪ್ಪಟೆಯಾದ ಲಾರಿಯಲ್ಲಿ ಬಂಪರಿಗೆ ಒಂದು ಮೀಟರ್ ಒಳಗೆ ನಿಂತ ಚಿಕ್ಕ ಮಗುವಿನ ತಲೆ ಗಾಜಿನ ಕೆಳಗೆ ಮರೆಯಾಗುತ್ತದೆ. ಆ ಗಾಜಿನ ಕೆಳಭಾಗಕ್ಕೆ 15 ಸೆಂಟಿಮೀಟರ್ ಎತ್ತರಕ್ಕೆ ಸ್ಟಿಕ್ಕರ್, ಹೂವಿನ ಹಾರ, ದೇವರ ಮೂರ್ತಿಗಳ ಸಾಲು ಬಂದರೆ, ಒಂದು ಮೀಟರ್ ಇದ್ದದ್ದು 1.6 ಮೀಟರ್ ಆಗುತ್ತದೆ. ಗಾಜಿನ ಬುಡದಲ್ಲಿ ಮರೆಯಾದ ಒಂದು ಗೇಣಿಗಿಂತ ಕಡಿಮೆ ಜಾಗ, ರಸ್ತೆಯ ಮೇಲೆ ಒಂದು ಮಗು ಪೂರ್ತಿ ಅಡಗುವಷ್ಟು ಜಾಗವಾಗುತ್ತದೆ. ದೇವರಿಗೆ ಜಾಗ ಗಾಜಿನ ಮೇಲ್ಭಾಗದಲ್ಲೂ ಇದೆ.

ಹಿಂದೆ ಏನೂ ಕಾಣುವುದಿಲ್ಲ. ಲೋಡಿನ ಡಬ್ಬಿಯ ನೇರ ಹಿಂದೆ ನಿಂತವರು ಎಷ್ಟು ದೂರದಲ್ಲಿದ್ದರೂ ಪಕ್ಕದ ಕನ್ನಡಿಯ ಚೌಕಟ್ಟಿಗೆ ಸಿಕ್ಕುವುದಿಲ್ಲ. ಮನೆ ಕಟ್ಟುವ ಕಡೆ ಜಲ್ಲಿ ತಂದ ಟಿಪ್ಪರ್ ಹಿಂದಕ್ಕೆ ಬರುವಾಗ ಮಕ್ಕಳು ನೋಡಲು ಸುತ್ತ ಸೇರುತ್ತಾರಲ್ಲ, ಆ ಗಳಿಗೆ ಅತ್ಯಂತ ಅಪಾಯದ್ದು. ರಿವರ್ಸ್ ಹಾಕುವ ಮೊದಲು ಮಕ್ಕಳನ್ನೆಲ್ಲ ಜಗಲಿಗೆ ಹತ್ತಿಸಿ, ತಲೆ ಎಣಿಸಿ. ಕೈಸನ್ನೆ ಮಾಡುವವನು ಲಾರಿಯ ಹಿಂದೆ ನಿಲ್ಲಬಾರದು. ಚಾಲಕನ ಬಲಗನ್ನಡಿಯಲ್ಲಿ ಕಾಣುವಂತೆ ಬಲ ಮೂಲೆಯಿಂದ ಆಚೆ ನಿಲ್ಲಬೇಕು. ಅವನು ಕನ್ನಡಿಯಿಂದ ಮರೆಯಾದ ಕ್ಷಣ ಚಾಲಕ ಬ್ರೇಕ್ ಒತ್ತಬೇಕು ಎಂಬ ಒಪ್ಪಂದ ಮೊದಲೇ ಆಗಿರಬೇಕು.

ಮಳೆಗಾಲದಲ್ಲಿ ಇವೆಲ್ಲ ಇನ್ನಷ್ಟು ಕೆಡುತ್ತವೆ. ಕಿಟಕಿ ಮುಚ್ಚಿದರೆ ಉಸಿರಿನ ಹಬೆ ಎಡಗಾಜಿನ ಮೇಲೆ ಕೂರುತ್ತದೆ, ಕನ್ನಡಿಯ ಮೇಲೆ ಹನಿ ನಿಲ್ಲುತ್ತದೆ. ಬಲಗನ್ನಡಿಯನ್ನು ಚಾಲಕ ಕೈಚಾಚಿ ಒರೆಸಿಕೊಳ್ಳಬಹುದು, ಎಡಗನ್ನಡಿ ಕೈಗೆ ಎಟಕುವುದಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ. ಚಾಲಕನ ಸೆಖೆಗೆಂದು ಮಾಡಿದ ನಿಯಮ ಅದು. ಗಾಜಿನ ಹಬೆ ಬೇಗ ಆರುತ್ತದೆಂಬ ಕಾರಣಕ್ಕೆ ನಮ್ಮ ಕಡೆಯ ಪಾದಚಾರಿಗೂ ಅದರಿಂದ ಲಾಭವಿದೆ.

ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಬರುವುದಿಲ್ಲ

ಇಬ್ಬರು ಉದ್ದನೆಯ ಏಣಿ ಹೊತ್ತು ಮನೆಯ ಮೂಲೆ ಸುತ್ತುವುದನ್ನು ನೆನೆಸಿಕೊಳ್ಳಿ. ಮುಂದಿನವನು ಸಲೀಸಾಗಿ ತಿರುಗಿ ಹೋಗುತ್ತಾನೆ, ಏಣಿಯ ನಡು ಗೋಡೆಯ ಮೂಲೆಗೆ ಉಜ್ಜುತ್ತದೆ. ಹಿಂದಿನವನು ಬೇಕೆಂದೇ ಹೊರಕ್ಕೆ ಸರಿದು ಸುತ್ತಿ ಬಂದರೆ ಮಾತ್ರ ಏಣಿ ಪಾರಾಗುತ್ತದೆ. ಲಾರಿಯ ಹಿಂದಿನ ಗಾಲಿಗೆ ಹಾಗೆ ಹೊರಕ್ಕೆ ಸರಿಯಲು ಬರುವುದಿಲ್ಲ. ಅದು ತಿರುವಿನ ಒಳಮೂಲೆಯನ್ನು ಕತ್ತರಿಸಿಕೊಂಡೇ ಬರುತ್ತದೆ.

ಎಷ್ಟು ಕತ್ತರಿಸುತ್ತದೆ? ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 5 ಮೀಟರ್ ಇರುವ ಲಾರಿಯ ಮುಂದಿನ ಅಚ್ಚು 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸಾಗಿದರೆ, ಹಿಂದಿನ ಅಚ್ಚು ಸುಮಾರು 1.3 ಮೀಟರ್ ಒಳಗೆ ಬರುತ್ತದೆ. ಅಚ್ಚುಗಳ ನಡುವಿನ ದೂರ 6 ಮೀಟರ್ ಆದರೆ ಪೂರ್ತಿ 2 ಮೀಟರ್. ಕ್ಯಾಬಿನ್ ನಿಮ್ಮಿಂದ ಒಂದೂವರೆ ಮೀಟರ್ ಆಚೆ ಹಾದು ಹೋಯಿತು ಎಂದು ನೀವು ನಿರಾಳವಾಗುವಷ್ಟರಲ್ಲಿ ಹಿಂದಿನ ಗಾಲಿ ನಿಮ್ಮ ಕಾಲ ಮೇಲೆ ಇರುತ್ತದೆ.

ಮೂಲೆಗೆ ಗಾಲಿ ಹತ್ತದಿರಲಿ ಎಂದು ಚಾಲಕರು ಎಡಕ್ಕೆ ತಿರುಗುವ ಮೊದಲು ಲಾರಿಯನ್ನು ಸ್ವಲ್ಪ ಬಲಕ್ಕೆ ಒಯ್ಯುತ್ತಾರೆ. ಸೈಕಲ್ಲಿನವರು ಮೋಸ ಹೋಗುವುದು ಇಲ್ಲೇ. ಲಾರಿ ಬಲಕ್ಕೆ ಸರಿಯಿತು, ಎಡಗಡೆ ಜಾಗವಾಯಿತು ಎಂದು ಮುಂದೆ ನುಗ್ಗುತ್ತಾರೆ. ಮರುಕ್ಷಣ ಲಾರಿ ಎಡಕ್ಕೆ ಬಾಗುತ್ತದೆ. ಸೈಕಲ್ ಇರುವುದು ಈಗಾಗಲೇ ಹೇಳಿದ ಕುರುಡು ಜಾಗದಲ್ಲಿ, ಹಿಂದಿನ ಗಾಲಿ ಕತ್ತರಿಸಿಕೊಂಡು ಬರುವುದೂ ಅದೇ ಜಾಗಕ್ಕೆ. ಪೇಟೆಯೊಳಗೆ ಸೈಕಲ್ಲಿನವರನ್ನು ಲಾರಿ ಸಾಯಿಸುವ ಬಗೆಗಳಲ್ಲಿ ಇದು ಅತಿ ಮುಖ್ಯವಾದದ್ದು, ಮತ್ತು ಆಗ ಲಾರಿಯ ವೇಗ ಹೆಚ್ಚಾಗಿ ನಡಿಗೆಯಷ್ಟೇ ಇರುತ್ತದೆ. ಆದ್ದರಿಂದ ಸಿಗ್ನಲ್ಲಿನಲ್ಲಾಗಲಿ, ಕೂಡುರಸ್ತೆಯಲ್ಲಾಗಲಿ ನಿಂತ ಲಾರಿಯ ಎಡಸಂದಿಗೆ ಸೈಕಲ್ ತೂರಿಸಬಾರದು. ಇಂಡಿಕೇಟರ್ ಹಾಕಿಲ್ಲ ಎಂಬುದನ್ನು ನಂಬಲಾಗದು, ಅದು ಕೆಟ್ಟಿರಬಹುದು, ಕೆಸರು ಮೆತ್ತಿರಬಹುದು. ಲಾರಿಯ ಹಿಂದೆ, ಬಲಗನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣುವಂತೆ ನಿಲ್ಲಿ. ಅವನ ಮುಖ ನಿಮಗೆ ಕಂಡರೆ ಅವನಿಗೆ ನೀವು ಕಾಣಲು ಸಾಧ್ಯವಿದೆ ಎಂದಷ್ಟೇ ಅರ್ಥ, ನೋಡಿದ್ದಾನೆ ಎಂದಲ್ಲ.

ಇದರ ತಿರುಗುಮುರುಗು ಹಿಂಬಾಲದಲ್ಲಿ ನಡೆಯುತ್ತದೆ. ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಚಾಚಿದ ಭಾಗ, ಲಾರಿ ಎಡಕ್ಕೆ ತಿರುಗಿದರೆ ಬಲಕ್ಕೆ ಬೀಸುತ್ತದೆ. ದಿಮ್ಮಿ, ಬಿದಿರು, ಕಬ್ಬಿಣದ ಸರಳು ಹೊರಗೆ ಚಾಚಿದ್ದರೆ ಆ ಬೀಸು ಇನ್ನೂ ಅಗಲ. ದಿಮ್ಮಿ ಲಾರಿಯ ಹಿಂದೆ ಸೈಕಲ್ಲಿನಲ್ಲಿ ಹೋಗುವಾಗ ಚಾಚಿದ ತುದಿಯಿಂದ ಕನಿಷ್ಠ ಎರಡು ಲಾರಿಯುದ್ದ ಹಿಂದಿರುವುದು ಒಳ್ಳೆಯದು.

ಬ್ರೇಕ್ ಒತ್ತಿದ ಮೇಲೆ ಎಷ್ಟು ದೂರ

ಲಾರಿ ನಿಲ್ಲುವ ದೂರದಲ್ಲಿ ಎರಡು ತುಂಡುಗಳಿವೆ. ಅಪಾಯ ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಭಾರೀ ಲಾರಿಗಳದ್ದು ಗಾಳಿಯ ಬ್ರೇಕ್. ಒತ್ತಿದ ಮೇಲೆ ಗಾಳಿ ಕೊಳವೆಯಲ್ಲಿ ಹರಿದು ಹಿಂದಿನ ಗಾಲಿಯವರೆಗೆ ತಲುಪಲು ಇನ್ನರ್ಧ ಸೆಕೆಂಡ್ ಹೋಗುತ್ತದೆ. ಈ ಎರಡು ಸೆಕೆಂಡಿನಲ್ಲಿ ವೇಗ ಸ್ವಲ್ಪವೂ ಇಳಿದಿರುವುದಿಲ್ಲ. ಆಮೇಲಿನದ್ದು ನಿಜವಾದ ಬ್ರೇಕಿನ ದೂರ.

ಮೀಟರ್ ಲೆಕ್ಕ ಕಣ್ಣಿಗೆ ಕಟ್ಟದಿದ್ದರೆ ತೋಟದ ಲೆಕ್ಕ ಹಿಡಿಯಿರಿ. ಒಂಬತ್ತಡಿ ಅಂತರದಲ್ಲಿ ನೆಟ್ಟ ಅಡಿಕೆ ಸಾಲನ್ನು ನೆನೆಸಿಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದ ಲಾರಿ ಒಣರಸ್ತೆಯಲ್ಲಿ ನಿಲ್ಲಲು ಸುಮಾರು 34 ಮೀಟರ್, ಹದಿಮೂರು ಮರದಷ್ಟು ದೂರ ಬೇಕು. ಅದೇ ವೇಗಕ್ಕೆ ನೆನೆದ ರಸ್ತೆಯಲ್ಲಿ ಸುಮಾರು 43 ಮೀಟರ್, ಎಂದರೆ ಹದಿನಾರು ಮರ. 60 ಕಿ.ಮೀ. ವೇಗವಿದ್ದರೆ ಒಣರಸ್ತೆಯಲ್ಲಿ 61 ಮೀಟರ್, ನೆನೆದ ರಸ್ತೆಯಲ್ಲಿ 80 ಮೀಟರ್, ಇಪ್ಪತ್ತೊಂಬತ್ತು ಮರದ ಸಾಲು! ಬ್ರೇಕ್ ಚೆನ್ನಾಗಿದ್ದು, ಟೈರಿನ ಹಲ್ಲು ಸವೆಯದೆ, ಲೋಡು ಮಿತಿಯೊಳಗಿದ್ದರೆ ಇದು. ಶಾಲೆಯ ಮುಂದೆ 30 ಕಿ.ಮೀ. ಮಿತಿ ಏಕೆ ಬೇಕೆಂಬುದಕ್ಕೂ ಇಲ್ಲೇ ಉತ್ತರವಿದೆ. ನೆನೆದ ರಸ್ತೆಯಲ್ಲಿ 40ರಿಂದ 30ಕ್ಕೆ ಇಳಿದರೆ 43 ಮೀಟರಿನ ಜಾಗದಲ್ಲಿ 28 ಮೀಟರ್ ಸಾಕು. ಬರೀ 10 ಕಿ.ಮೀ. ಬಿಟ್ಟುಕೊಟ್ಟದ್ದಕ್ಕೆ 15 ಮೀಟರ್ ಸಿಕ್ಕಿತು.

ಇದರ ಜೊತೆಗೆ ಬೆಳಕಿನ ಲೆಕ್ಕ ಸೇರಿಸಿ. ಎದುರಿನವರ ಕಣ್ಣು ಕುಕ್ಕದಂತೆ ತಗ್ಗಿಸಿದ ಹೆಡ್‌ಲೈಟಿನಲ್ಲಿ ಕಡುಬಣ್ಣದ ಬಟ್ಟೆ ತೊಟ್ಟವರು ಕಾಣುವುದು ಸುಮಾರು 25-30 ಮೀಟರಿನಿಂದ. ಲಾರಿ 40ರಲ್ಲಿದ್ದರೂ ನಿಲ್ಲಲು 34 ಮೀಟರ್ ಬೇಕಲ್ಲ! ಚಾಲಕ ನಿಮ್ಮನ್ನು ನೋಡಿ, ಸರಿಯಾಗಿ ಬ್ರೇಕ್ ಒತ್ತಿಯೂ ತಪ್ಪಿಸಲಾಗದ ಸ್ಥಿತಿ ಇದು. ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಪ್ರತಿಫಲಕ ಪಟ್ಟಿ ಮೈಮೇಲಿದ್ದರೆ 100 ಮೀಟರಿಗೂ ಆಚೆಯಿಂದ ಗೊತ್ತಾಗುತ್ತದೆ. ಮಕ್ಕಳಿಗೆ ಕೊಳ್ಳುವ ರೈನ್‌ಕೋಟ್ ಕಪ್ಪು, ಕಡುನೀಲಿ ಆಗದೆ ಹಳದಿಯಾಗಿರಲಿ, ಬೆನ್ನಚೀಲದ ಮೇಲೂ ಕೊಡೆಯ ಅಂಚಿಗೂ ಎರಡು ಬೆರಳಗಲದ ಪಟ್ಟಿ ಹೊಲಿಸಿ. ಪಟ್ಟಿಯನ್ನು ಕಾಲಿಗೆ, ಪೆಡಲಿಗೆ ಹಾಕಿದರೆ ಇನ್ನೂ ಉತ್ತಮ, ಏಕೆಂದರೆ ತಗ್ಗಿಸಿದ ದೀಪ ಮೊದಲು ಬೀಳುವುದು ಮೊಣಕಾಲಿನ ಕೆಳಗೆ, ಮತ್ತು ಮೇಲೆಕೆಳಗೆ ಆಡುವ ಬೆಳಕನ್ನು ಕಣ್ಣು ಬೇಗ ಮನುಷ್ಯನೆಂದು ಗುರುತಿಸುತ್ತದೆ.

ಘಾಟಿಯಲ್ಲಿ

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವಿದೆ. ಕರಾವಳಿಗೆ ಇಳಿಯುವ ಲಾರಿಗಳು ಹುಲಿಕಲ್ ಕಡೆಯ ದಾರಿ ಹಿಡಿಯುತ್ತವೆ. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಹಿಡಿದು ಬಂದರೆ ಗಾಲಿಯ ಜೊತೆ ತಿರುಗುವ ಬ್ರೇಕಿನ ಡ್ರಮ್ ಕಾಯುತ್ತದೆ, ಕಾದು ಹಿಗ್ಗಿ ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಇಳಿಯುತ್ತದೆ. ಚಾಲಕರು ಇದಕ್ಕೆ 'ಬ್ರೇಕ್ ಫೇಲ್' ಎನ್ನುತ್ತಾರೆ. ಕೊಳವೆ ಒಡೆದಿರುವುದಿಲ್ಲ, ಗಾಳಿ ಇರುತ್ತದೆ, ಆದರೂ ಬ್ರೇಕ್ ಹಿಡಿಯುವುದಿಲ್ಲ. ಏರಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯುವುದು, ಎಂಜಿನ್ನಿಗೇ ಲಾರಿಯನ್ನು ತಡೆಹಿಡಿಯಲು ಬಿಡುವುದು, ಬ್ರೇಕನ್ನು ಆಗಾಗ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡುವುದು ಹಳೆಯ ಚಾಲಕರಿಗೆಲ್ಲ ಗೊತ್ತಿರುವ ಪಾಠ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಬಿಡುವುದು ಈ ಪಾಠಕ್ಕೆ ನೇರ ವಿರುದ್ಧ. ಸುಟ್ಟ ವಾಸನೆ ಬರುತ್ತಿರುವ ಲಾರಿ ಇಳಿದು ಬರುತ್ತಿದ್ದರೆ ರಸ್ತೆ ಬಿಟ್ಟು ಗುಡ್ಡದ ಬದಿಗೆ ಸರಿಯಿರಿ, ಕಣಿವೆಯ ಬದಿಗಲ್ಲ.

ಲೋಡು ಹೆಚ್ಚಾದಷ್ಟೂ ಡ್ರಮ್ಮಿಗೆ ಬೀಳುವ ಶಾಖ ಹೆಚ್ಚು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮಿತಿಮೀರಿದ ಲೋಡಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ನಡೆಯುವವರು, ಸೈಕಲ್ಲಿನವರು ಮಾಡಬಹುದಾದ್ದು

ಕಾಲುದಾರಿ ಇಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ ನಡೆಯಬೇಕು, ಎದುರಿನಿಂದ ಬರುವುದು ಕಾಣುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಸರಿ. ಆದರೆ ಮಲೆನಾಡಿನ ರಸ್ತೆಗೆ ಇನ್ನೊಂದು ಮಾತು ಸೇರಿಸಬೇಕು. ರಸ್ತೆ ಬಲಕ್ಕೆ ಬಾಗುವಲ್ಲಿ ಬಲಬದಿ ತಿರುವಿನ ಒಳಮೂಲೆಯಾಗುತ್ತದೆ. ಅಲ್ಲಿ ದರೆ ಅಡ್ಡವಾಗಿ ಏನೂ ಕಾಣುವುದಿಲ್ಲ, ಹಿಂದಿನ ಗಾಲಿ ಕತ್ತರಿಸಿಕೊಂಡು ಬರುವುದೂ ಆ ಮೂಲೆಗೇ. ಅಂಥ ತಿರುವಿಗೆ 50 ಹೆಜ್ಜೆ ಮೊದಲೇ, ಎರಡೂ ಕಡೆ ನೇರ ಕಾಣುವಲ್ಲಿ ಹೊರಬದಿಗೆ ದಾಟಿ, ತಿರುವು ಮುಗಿದ ಮೇಲೆ ಮರಳಿ ಬಲಕ್ಕೆ ಬನ್ನಿ.

ಗಾಳಿಮಳೆಗೆ ಕೊಡೆಯನ್ನು ಮುಂದಕ್ಕೆ ಬಾಗಿಸಿ ಹಿಡಿದರೆ ನಿಮಗೂ ನಿಮ್ಮದೇ ಒಂದು ಕುರುಡು ಜಾಗ ಹುಟ್ಟುತ್ತದೆ. ಕೊಡೆಬಟ್ಟೆಯ ಮೇಲೆ ಬೀಳುವ ಹನಿಯ ಸದ್ದಿನಲ್ಲಿ ಎಂಜಿನ್ ಕೇಳಿಸುವುದಿಲ್ಲ. ದಾಟುವ ಮುಂಚೆ ಕೊಡೆ ಮೇಲಕ್ಕೆತ್ತಿ ನೋಡಬೇಕು. ಬಸ್ಸಿನಿಂದ ಇಳಿದು ಅದರ ಮುಂದಿನಿಂದ ದಾಟುವ ಅಭ್ಯಾಸವಂತೂ ಬಿಡಲೇಬೇಕು. ಬಸ್ಸನ್ನು ಹಿಂದಿಕ್ಕಿ ಬರುವ ಲಾರಿಗೆ ನೀವು ಕಾಣುವುದು ಅದರ ಬಂಪರಿನ ಮುಂದೆ ಬಂದಾಗಲೇ. ಬಸ್ ಹೊರಟು ಹೋಗಲಿ, ಒಂದು ನಿಮಿಷದ ಮಾತು.

ಸೈಕಲ್ಲಿನವರಿಗೆ ಮೋರಿಗಳು ಕಷ್ಟದ ಜಾಗ. ಮೋರಿಯ ಬಳಿ ಮಣ್ಣಂಚು ಇದ್ದಕ್ಕಿದ್ದಂತೆ ಮುಗಿದು ಕಟ್ಟೆ ಶುರುವಾಗುತ್ತದೆ, ಕೊನೆಗಳಿಗೆಯಲ್ಲಿ ಬಲಕ್ಕೆ ಎಳೆದರೆ ಲಾರಿಯ ಮುಂದೆ ಬೀಳುತ್ತೀರಿ. 20 ಮೀಟರ್ ಮೊದಲೇ ಹಿಂದೆ ನೋಡಿ, ಕೈ ತೋರಿಸಿ, ನಿಧಾನವಾಗಿ ಡಾಂಬರಿನ ಮೇಲೆ ಬನ್ನಿ. ಹಿಂದೆ ಲಾರಿ ಹತ್ತಿರವಿದ್ದರೆ ಇಳಿದು ನಿಂತು ಅದನ್ನು ಹೋಗಗೊಡಿ. ದೊಡ್ಡ ಲಾರಿ ವೇಗವಾಗಿ ಹಾದಾಗ ಗಾಳಿ ಮೊದಲು ಹೊರಕ್ಕೆ ತಳ್ಳಿ ಆಮೇಲೆ ಒಳಕ್ಕೆ ಎಳೆಯುತ್ತದೆ. ಎರಡೂ ಕೈ ಹ್ಯಾಂಡಲ್ ಮೇಲಿರಲಿ. ಚಾಲಕರು ಸೈಕಲ್ಲಿಗೆ ಒಂದೂವರೆ ಮೀಟರ್ ಬಿಟ್ಟು ಹಾಯಬೇಕು. ಅಷ್ಟು ಜಾಗ ಸಿಗದ ರಸ್ತೆಯಲ್ಲಿ ಹಿಂದೆಯೇ ಕಾಯಬೇಕು, ಕಿವಿಗೆ ಬಡಿಯುವ ಹಾರನ್ ಹಾಕಿದರೆ ಬೆಚ್ಚಿದ ಮಗು ಬಲಕ್ಕೇ ವಾಲುತ್ತದೆ.

ಲಾರಿಯಲ್ಲಿ ಏನು ಇರಬೇಕು

ಹಿಂದೆ ಪ್ರತಿ ಲಾರಿಯಲ್ಲೂ ಕ್ಲೀನರ್ ಇರುತ್ತಿದ್ದ. ಎಡಬಾಗಿಲಿನಿಂದ ತಲೆ ಹೊರಹಾಕಿ 'ರೈಟ್, ರೈಟ್, ಹೋಲ್ಡಾನ್' ಎನ್ನುತ್ತಿದ್ದ ಆ ಹುಡುಗನೇ ಲಾರಿಯ ಎಡಗಣ್ಣು. ಸಂಬಳ ಉಳಿಸಲು ಎಷ್ಟೋ ಮಾಲೀಕರು ಅವನನ್ನು ಬಿಟ್ಟಿದ್ದಾರೆ, ಅವನ ಜಾಗಕ್ಕೆ ಬೇರೇನನ್ನೂ ತರಲಿಲ್ಲ. ಕನಿಷ್ಠ ಎರಡು ಕನ್ನಡಿಗಳು ಬೇಕು: ಎಡಬಾಗಿಲಿನ ಮೇಲ್ಗಡೆ ನೇರ ಕೆಳಗೆ ನೋಡುವ ಉಬ್ಬುಕನ್ನಡಿ ಒಂದು, ಮುಂದಿನ ಗಾಜಿನ ಎಡಮೂಲೆಯಲ್ಲಿ ಬಂಪರಿನ ಕೆಳಗೆ ನೋಡುವಂಥದ್ದು ಇನ್ನೊಂದು.

ಇವು ಸರಿಯಾಗಿ ಕೂತಿವೆಯೇ ಎಂದು ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಲಾರಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಚಾಲಕನನ್ನು ಎಂದಿನಂತೆ ಕೂರಿಸಿ. 1.2 ಮೀಟರ್ ಉದ್ದದ ಕೋಲಿನ ತುದಿಗೆ ಕೆಂಪು ಬಟ್ಟೆ ಕಟ್ಟಿ. ಅದು ಮಗುವಿನ ತಲೆ. ಕೋಲನ್ನು ಬಾಗಿಲಿಗೆ ತಾಗಿಸಿ ನಿಲ್ಲಿಸಿ, ಗೇಣುಗೇಣಾಗಿ ಹೊರಕ್ಕೆ ಸರಿಸುತ್ತ ಬನ್ನಿ. ಕೆಂಪು ಕಂಡಕೂಡಲೇ ಚಾಲಕ ಕೂಗಲಿ, ಅಲ್ಲಿ ಸುಣ್ಣದ ಗುರುತು ಹಾಕಿ. ಎಡಕ್ಕೆ, ಮುಂದೆ, ಮೂಲೆಗಳಲ್ಲಿ ಹೀಗೆ ಮಾಡಿ ಗುರುತುಗಳನ್ನು ಗೆರೆಯಿಂದ ಕೂಡಿಸಿದರೆ ಕುರುಡು ಜಾಗ ನೆಲದ ಮೇಲೇ ಮೂಡುತ್ತದೆ. ನಂತರ ಕನ್ನಡಿ ತಿರುಗಿಸಿ, ಆ ಗೆರೆಯೊಳಗಿನ ಕೋಲು ಕಾಣುವವರೆಗೆ ಹೊಂದಿಸಿ ತಿರುಪು ಬಿಗಿಮಾಡಿ. ಶಾಲೆಯ ಮೈದಾನದಲ್ಲಿ ಇದನ್ನೇ ಮಾಡಿ, ಒಬ್ಬೊಬ್ಬ ಮಗುವನ್ನೂ ಚಾಲಕನ ಸೀಟಿಗೆ ಹತ್ತಿಸಿ ತೋರಿಸಿದರೆ ಹತ್ತು ಭಾಷಣಕ್ಕಿಂತ ಹೆಚ್ಚು ಕಲಿಯುತ್ತಾರೆ.

ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಖಾಲಿ ಜಾಗಕ್ಕೆ ಹಾಕುವ ಅಡ್ಡಪಟ್ಟಿಗಳೇ ಪಕ್ಕದ ರಕ್ಷಣಾ ಕಂಬಿ. ಜಾರಿಬಿದ್ದ ಸೈಕಲ್ಲಿನವರು ಹಿಂದಿನ ಗಾಲಿಯ ಕೆಳಗೆ ಹೋಗದಂತೆ ಅದು ಹೊರಕ್ಕೆ ತಳ್ಳುತ್ತದೆ. ಅದರ ಕೆಳಅಂಚು ನೆಲದಿಂದ 550 ಮಿಲಿಮೀಟರಿಗಿಂತ ಎತ್ತರವಿರಬಾರದು. ಗ್ಯಾರೇಜಿನಲ್ಲಿ ಬಿಚ್ಚಿದ್ದನ್ನು ಮತ್ತೆ ಹಾಕದಿರುವುದು, ಕಲ್ಲಿಗೆ ತಾಗಿ ಮೇಲಕ್ಕೆ ಬಗ್ಗಿದ್ದನ್ನು ಹಾಗೇ ಬಿಡುವುದು ಸಾಮಾನ್ಯ ತಪ್ಪು. ಬಗ್ಗಿದ ಕಂಬಿ ಬಿದ್ದವರ ಬಟ್ಟೆಗೆ ಸಿಕ್ಕಿ ಎಳೆದೊಯ್ಯುವ ಕೊಕ್ಕೆಯಾಗುತ್ತದೆ. ಪ್ರತಿಫಲಕ ಪಟ್ಟಿ ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಇರಬೇಕು, ಮಳೆಗಾಲದಲ್ಲಿ ದಿನಕ್ಕೊಮ್ಮೆ ಅದರ ಕೆಸರು ಒರೆಸಬೇಕು.

ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈನಿಂದ ಪ್ರತಿ ಹೊಸ ಲಾರಿಯಲ್ಲೂ ಪಕ್ಕದ ಸೈಕಲ್ಲನ್ನೂ ಮುಂದೆ ನಿಂತವರನ್ನೂ ಗುರುತಿಸಿ ಎಚ್ಚರಿಸುವ ಉಪಕರಣ ಕಡ್ಡಾಯವಾಗಿದೆ. ಲಂಡನ್ ನಗರದಲ್ಲಿ 12 ಟನ್ನಿಗಿಂತ ಭಾರದ ಲಾರಿಗಳಿಗೆ, ಕ್ಯಾಬಿನ್ನಿನಿಂದ ನೇರ ಕಣ್ಣಿಗೆ ಎಷ್ಟು ಕಾಣುತ್ತದೆ ಎಂಬುದರ ಮೇಲೆ ನಕ್ಷತ್ರ ಕೊಡುತ್ತಾರೆ. 2024ರ ಅಕ್ಟೋಬರ್ ಕೊನೆಯಿಂದ ಮೂರು ನಕ್ಷತ್ರ ಇಲ್ಲದ ಲಾರಿ ಅಲ್ಲಿ ಓಡಬೇಕಾದರೆ ಕ್ಯಾಮೆರಾ, ಸಂವೇದಕಗಳನ್ನು ಕೂಡಿಸಿಕೊಳ್ಳಬೇಕು.

ರಸ್ತೆಯಲ್ಲಿ ಸರಿಪಡಿಸಬೇಕಾದ್ದು

ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಹಾಕುತ್ತ ಹೋದಂತೆ ರಸ್ತೆ ಏರುತ್ತದೆ, ಮಣ್ಣಂಚು ಅಲ್ಲೇ ಉಳಿಯುತ್ತದೆ, ಮಳೆಗೆ ಇನ್ನಷ್ಟು ಕೊಚ್ಚಿಹೋಗುತ್ತದೆ. ಅಂಚಿನಲ್ಲಿ 10-15 ಸೆಂಟಿಮೀಟರ್ ಮೆಟ್ಟಿಲು ಬೀಳುತ್ತದೆ. ಸೈಕಲ್ಲಿನ ಗಾಲಿ ಆ ಮೆಟ್ಟಿಲಿಂದ ಇಳಿದರೆ ಮತ್ತೆ ಹತ್ತಿಸುವಾಗ ಅಂಚಿಗೆ ಉಜ್ಜಿ ಜಾರುತ್ತದೆ, ಮತ್ತು ಸವಾರ ಬೀಳುವುದು ರಸ್ತೆಯ ಕಡೆಗೇ. ಡಾಂಬರು ಹಾಕುವ ಕಾಮಗಾರಿಯಲ್ಲೇ ಗ್ರಾವೆಲ್ ತುಂಬಿ ಅಂಚನ್ನು ಮಟ್ಟಕ್ಕೆ ತಂದು ರೋಲರ್ ಹೊಡೆಯುವುದು ಸೇರಿರಬೇಕು. ಸೇರದಿದ್ದರೆ ಆ ಕೆಲಸ ಮುಗಿದಿಲ್ಲ ಎಂದೇ ಗ್ರಾಮಸಭೆಯಲ್ಲಿ ಬರೆಸಬೇಕು. ನಡೆಯುವವರಿಗೆಂದು ಕಾಲುದಾರಿ ಕಟ್ಟುವುದಾದರೆ ಅಡಚಣೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಎಂದು ರಸ್ತೆ ಕಟ್ಟುವ ಮಾನದಂಡಗಳನ್ನು ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ಕಂಬ, ಟ್ರಾನ್ಸ್‌ಫಾರ್ಮರ್, ಅಂಗಡಿಯ ಬೋರ್ಡು ಕಳೆದು ಉಳಿಯುವ ಅಗಲ ಅದು.

ಪೇಟೆಯ ಕೂಡುರಸ್ತೆಗಳಲ್ಲಿ ಮೂಲೆ ಹೆಚ್ಚು ದುಂಡಗಿದ್ದರೆ ಲಾರಿಗಳು ವೇಗ ತಗ್ಗಿಸದೆ ಎಡಕ್ಕೆ ತಿರುಗುತ್ತವೆ. ದಾಟುವ ಪಟ್ಟೆಯನ್ನು ಮೂಲೆಯಿಂದ ಐದಾರು ಮೀಟರ್ ಒಳಕ್ಕೆ ಸರಿಸಿದರೆ, ತಿರುಗಿ ಮುಗಿಸಿದ ಲಾರಿಯ ನೇರ ಮುಂದೆ ಜನ ಕಾಣುತ್ತಾರೆ.

ಹಳ್ಳಿಯ ರಸ್ತೆಗಳಿಗೆ ಎಲ್ಲಕ್ಕಿಂತ ಅಗ್ಗದ ಮದ್ದು ಕತ್ತಿ. ಮೇ ತಿಂಗಳಲ್ಲಿ ಬೋಳಾಗಿ ಕಾಣುವ ತಿರುವು ಆಗಸ್ಟಿನ ಹೊತ್ತಿಗೆ ಲಂಟಾನ, ಹುಲ್ಲು, ಬೇಲಿಗಿಡದಿಂದ ಮುಚ್ಚಿರುತ್ತದೆ. ನೆನೆದ ರಸ್ತೆಯಲ್ಲಿ 40ರಲ್ಲಿ ಬರುವ ಲಾರಿಗೆ 43 ಮೀಟರ್ ಬೇಕೆಂದಮೇಲೆ, ತಿರುವಿನ ಒಳಬದಿಯಲ್ಲಿ ಅಷ್ಟು ದೂರ ಕಾಣುವಂತೆ ಗಿಡ ಸವರಬೇಕು. ಜೂನ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ, ಭತ್ತದ ಒಕ್ಕಣೆಗೆ ಜನ ರಸ್ತೆಗೆ ಬರುವ ಮೊದಲು ನವೆಂಬರಿನಲ್ಲಿ ಇನ್ನೊಮ್ಮೆ. ಸವರಿದ ಗಿಡವನ್ನು ಮಣ್ಣಂಚಿನ ಮೇಲೆ ರಾಶಿ ಹಾಕಬೇಡಿ, ನಡೆಯುವವರು ಅದನ್ನು ಬಳಸಿ ಡಾಂಬರಿಗೆ ಇಳಿಯಬೇಕಾಗುತ್ತದೆ.